ಏಳು ಗೂಡು, ಒಂದು ಜೋಡಿ ಕಾಡು ಕಾಗೆ: ಮೂಡಿಗೆರೆ ಕಡೆಯ ಒಂದು ತೋಟದ ಪ್ರಕರಣ

ಹೋದ ವರ್ಷ ಮಾರ್ಚ್ ಮೊದಲ ವಾರ. ಬೆಳಿಗ್ಗೆ ಏಳೂವರೆ ಇರಬಹುದು. ಅಡುಗೆ ಮನೆ ಕಿಟಕಿ ಹತ್ತಿರ ನಿಂತು ಕಾಫಿ ಕುಡಿಯುತ್ತಿದ್ದೆ. ಹೊರಗೆ ಪಿಕಳಾರಗಳ (ಬುಲ್‌ಬುಲ್ ಹಕ್ಕಿಗಳ) ಕೂಗು ಒಮ್ಮೆಲೇ ಬದಲಾಯಿತು. ದಿನಾ ಕೇಳುವ ಹರಟೆ ಅಲ್ಲ ಅದು. ಉಸಿರು ಬಿಡದೆ ಕಿರುಚುತ್ತಿದ್ದವು. ನೋಡಿದರೆ ದಾಸವಾಳದ ಗಿಡದ ಮೇಲೆ ಒಂದು ಕಾಡು ಕಾಗೆ. ಅದರ ಭಾರಕ್ಕೆ ರೆಂಬೆ ಬಾಗಿ ತೂಗುತ್ತಿತ್ತು. ಲೋಟ ಕೆಳಗಿಟ್ಟು ಹಿಂಬಾಗಿಲಿಗೆ ಓಡುವಷ್ಟರಲ್ಲಿ ಅದು ಹಾರಿತು. ಕೊಕ್ಕಿನಲ್ಲಿ ಆಗಷ್ಟೇ ಪುಕ್ಕ ಮೊಳೆಯುತ್ತಿದ್ದ ಒಂದು ಮರಿ. ತಾಯಿ ತಂದೆ ಎರಡೂ ಸಿಲ್ವರ್ ಓಕ್ ಮರದ ತನಕ ಅದನ್ನು ಕುಕ್ಕುತ್ತಾ ಬೆನ್ನಟ್ಟಿದವು. ಐದೇ ನಿಮಿಷ. ಕಾಗೆ ಮತ್ತೆ ಬಂತು, ಎರಡನೇ ಮರಿ ಒಯ್ದಿತು. ಮೂರನೇ ಸಲ ಬಂದಾಗ ನಾನು ಗಿಡದ ಬುಡದಲ್ಲೇ ನಿಂತಿದ್ದೆ. ಅದು ಬೇಲಿ ಕಂಬದ ಮೇಲೆ ಕೂತು ನನ್ನನ್ನೇ ನೋಡಿತು. ಸುಮ್ನೆ ಕೂತು ಕಾಯಿತು. ಒಲೆ ಮೇಲೆ ಹಾಲು ಇಟ್ಟಿದ್ದು ನೆನಪಾಗಿ ಒಳಗೆ ಹೋಗಿ ಬಂದೆ. ಮೂರನೆಯ ಮರಿಯೂ ಇರಲಿಲ್ಲ.

ಆ ಗೂಡನ್ನು ಕಟ್ಟುವಾಗಿನಿಂದ ನೋಡಿದ್ದೆ. ಮೊಟ್ಟೆ ಇಟ್ಟ ದಿನ, ಮರಿ ಆದ ದಿನ ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆ. ಆ ಬೆಳಿಗ್ಗೆ ಎಷ್ಟು ಸಂಕಟ ಆಯಿತು ಅಂದರೆ ಇಡೀ ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಸಂಜೆ ಒಂದು ನೋಟ್‌ಬುಕ್ ತೆಗೆದುಕೊಂಡು ಬರೆಯಲು ಕೂತೆ. ಈ ಸಲ ಮನೆ ಸುತ್ತ ಎಷ್ಟು ಗೂಡು ಆಗುತ್ತವೆ, ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ, ಯಾಕೆ ಹೋಗುತ್ತದೆ, ಎಲ್ಲ ಬರೆದಿಡೋಣ ಅನ್ನಿಸಿತು. ಆ ನೋಟ್‌ಬುಕ್‌ನಲ್ಲಿ ಇದ್ದದ್ದೇ ಈ ಬರಹ.

ಜಾಗ ಮತ್ತು ಕಾಗೆ

ನಮ್ಮದು ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಇರುವ ಸಣ್ಣ ತೋಟ. ಜಾಸ್ತಿ ರೊಬಸ್ಟಾ, ತೊರೆ ಪಕ್ಕ ಸ್ವಲ್ಪ ಅರೇಬಿಕಾ. ನೆರಳಿಗೆ ಸಿಲ್ವರ್ ಓಕ್, ಹಾಲುವಾಣ, ಹಲಸು, ಅತ್ತಿ. ಸಿಲ್ವರ್ ಓಕಿಗೆ ಮೆಣಸಿನ ಬಳ್ಳಿ. ಮನೆ ಮುಂದೆ ಕಣ, ಹಿಂದೆ ಕೊಟ್ಟಿಗೆ ಮತ್ತು ಗೊಬ್ಬರದ ಗುಂಡಿ. ಕೆಳಗೆ ಒಂದು ತುಂಡು ಗದ್ದೆ. ನಾನು ಲೆಕ್ಕ ಇಟ್ಟಿದ್ದು ಇಡೀ ತೋಟದ್ದಲ್ಲ, ಮನೆಯಿಂದ ಗದ್ದೆ ಅಂಚಿನ ತನಕ ಸುಮಾರು ಒಂದೂವರೆ ಎಕರೆ ಜಾಗದ್ದು ಮಾತ್ರ.

ಇಲ್ಲಿ ಎರಡು ಥರದ ಕಾಗೆ ಇವೆ. ಊರ ಕಾಗೆಗೆ ಕುತ್ತಿಗೆ ಬೂದಿ ಬಣ್ಣ, ಮೈ ಸಣ್ಣದು, ಪೇಟೆ ಮತ್ತು ರಸ್ತೆ ಬದಿಯಲ್ಲಿ ಗುಂಪಾಗಿ ಇರುತ್ತದೆ. ಕಾಡು ಕಾಗೆ ಪೂರ್ತಿ ಕಪ್ಪು. ಮೈ ದೊಡ್ಡದು, ಕೊಕ್ಕು ದಪ್ಪ, ದನಿ ಗಡಸು. ತೋಟದೊಳಗೆ ಇರುವುದು ಇದೇ. ಗೂಡಿನ ಕಾಲದಲ್ಲಿ ಜೋಡಿಯಾಗಿ ಒಂದು ಜಾಗ ಹಿಡಿದುಕೊಂಡು ಬೇರೆ ಕಾಗೆಗಳನ್ನು ಓಡಿಸುತ್ತದೆ. ನಮ್ಮ ಜೋಡಿಯ ಗೂಡು ಕಣದ ಆಚೆಯ ಸಿಲ್ವರ್ ಓಕ್ ಮರದ ತುದಿಯಲ್ಲಿ ಇತ್ತು. ಮಾರ್ಚ್ ಹೊತ್ತಿಗೆ ಅದರಲ್ಲಿ ಮರಿ ಇತ್ತು. ಈ ಮಾತು ಮುಖ್ಯ. ಕಾಗೆಯ ಮರಿಗೆ ಅನ್ನ ಸಾಲದು, ಬೆಳೆಯಲು ಮಾಂಸ ಬೇಕು. ಪಿಕಳಾರದ ಗೂಡಿನಲ್ಲಿ ಮರಿ ಇರುವ ಹೊತ್ತಿಗೇ ಕಾಗೆಯ ಗೂಡಿನಲ್ಲೂ ಮರಿ ಬಾಯಿ ತೆರೆದಿರುತ್ತದೆ.

ಹಕ್ಕಿ ಬೇಟೆಯಲ್ಲಿ ಇದಕ್ಕಿಂತ ಪಳಗಿದ ಅಣ್ಣ ಒಂದಿದೆ, ರೇವನ್. ಕಾಗೆ ಕುಲದಲ್ಲೇ ತುಂಬ ದೊಡ್ಡದು. ಒಂದು ಕಿಲೋಗೂ ಜಾಸ್ತಿ ತೂಗುತ್ತದೆ. ಅದು ನಮ್ಮ ಕಡೆ ಇಲ್ಲ. ಭಾರತದಲ್ಲಿ ನೋಡಬೇಕು ಅಂದರೆ ಹಿಮಾಲಯದ ಎತ್ತರಕ್ಕೋ ರಾಜಸ್ಥಾನದ ಒಣ ಸೀಮೆಗೋ ಹೋಗಬೇಕು. ಆದರೂ ರೇವನ್ ಬಗ್ಗೆ ನಾನು ಓದಿದ್ದೇ ನಮ್ಮ ತೋಟದಲ್ಲಿ ಏನಾಗುತ್ತಿದೆ ಎಂದು ತಿಳಿಯಲು ಸಹಾಯ ಮಾಡಿತು. ಅದನ್ನು ಮುಂದೆ ಹೇಳುತ್ತೇನೆ.

ಏಳು ಗೂಡುಗಳು

ಮೊದಲನೆಯದು ದಾಸವಾಳದ ಗಿಡದ ಗೂಡು. ಅದರ ಕಥೆ ಹೇಳಿ ಆಯಿತು.

ಎರಡನೆಯದು ಚೋರೆ ಹಕ್ಕಿಯದು. ಮೆಣಸಿನ ಬಳ್ಳಿಯ ಮಧ್ಯೆ ನಾಲ್ಕು ಕಡ್ಡಿ ಅಡ್ಡ ಇಟ್ಟು ಎರಡು ಬಿಳಿ ಮೊಟ್ಟೆ ಇಟ್ಟಿತ್ತು. ಕೆಳಗೆ ನಿಂತು ನೋಡಿದರೆ ಕಡ್ಡಿ ಸಂದಿಯಲ್ಲೇ ಮೊಟ್ಟೆ ಕಾಣುತ್ತಿತ್ತು. ಮೆಣಸು ಕೊಯ್ಯಲು ಏಣಿ ಹಾಕಿದ ಮರುದಿನ ಮೊಟ್ಟೆ ಇರಲಿಲ್ಲ. ಯಾರು ತಿಂದರು ಅಂತ ಕಣ್ಣಾರೆ ಕಂಡಿಲ್ಲ. ಹಾಗಾಗಿ ಇದನ್ನು ಕಾಗೆಯ ಲೆಕ್ಕಕ್ಕೆ ಬರೆಯಲಿಲ್ಲ.

ಮೂರನೆಯದು ಮತ್ತೆ ಪಿಕಳಾರ. ಬಹುಶಃ ಅದೇ ಜೋಡಿ. ಮರಿ ಕಳೆದುಕೊಂಡು ಎರಡು ವಾರಕ್ಕೆಲ್ಲ ಕಣದ ಪಕ್ಕದ ಕಾಫಿ ಗಿಡದಲ್ಲಿ ಹೊಸ ಗೂಡು ಕಟ್ಟಿತ್ತು. ಕಾಫಿ ಹೂ ಅರಳಿಸುವ ಹೂ ಮಳೆ ಬಿದ್ದು ತೋಟ ಪೂರ್ತಿ ಬೆಳ್ಳಗಾಗಿತ್ತು. ಆ ಬಿಳಿ ಹೂವಿನ ಮಧ್ಯೆ ಕೆಂಪು ಮೀಸೆಯ ಹಕ್ಕಿ ಮೊಟ್ಟೆಗೆ ಕಾವು ಕೂತದ್ದು ಇನ್ನೂ ಕಣ್ಣಲ್ಲಿದೆ. ಈ ಸಲ ಕಾಗೆ ಮಾಡಿದ ರೀತಿ ಬೇರೆ. ಒಂದು ಕಾಗೆ ಬಂದು ಪಕ್ಕದ ಹಾಲುವಾಣದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತಿತು. ಗೂಡಿನ ಕಡೆ ನೋಡಲೇ ಇಲ್ಲ. ಪಿಕಳಾರಗಳು ಎರಡೂ ಅದರ ಮೇಲೆ ಮುಗಿಬಿದ್ದವು. ಅದು ಒಂದು ರೆಂಬೆಯಿಂದ ಇನ್ನೊಂದಕ್ಕೆ ನಿಧಾನ ಜರುಗುತ್ತಾ ಅವನ್ನು ಆಚೆ ಎಳೆದುಕೊಂಡು ಹೋಯಿತು. ಅಷ್ಟರಲ್ಲಿ ಜೊತೆಯ ಕಾಗೆ ಕೆಳಗಿನಿಂದ, ಕಾಫಿ ಸಾಲಿನ ಮಧ್ಯದಿಂದ, ಸದ್ದಿಲ್ಲದೆ ಬಂದು ಗೂಡಿಗೆ ಕೊಕ್ಕು ಹಾಕಿತು. ಮೊಟ್ಟೆಯನ್ನು ಒಡೆಯಲಿಲ್ಲ. ಕೊಕ್ಕಿನ ತುದಿಯಲ್ಲಿ ಇಡಿಯಾಗಿ ಹಿಡಿದು ಹೋಯಿತು. ಮೂರು ಮೊಟ್ಟೆ, ಮೂರು ಸಲ. ಒಂದನ್ನು ಕಣದ ಅಂಚಿನ ಹುಲ್ಲಿನಲ್ಲಿ ತುರುಕಿ, ಮೇಲೆ ಒಣ ಎಲೆ ಎಳೆದು ಮುಚ್ಚಿದ್ದನ್ನೂ ನೋಡಿದೆ. ಹೊಟ್ಟೆ ತುಂಬಿದ ಮೇಲೆ ಮಿಕ್ಕಿದ್ದನ್ನು ಹೀಗೆ ಬಚ್ಚಿಟ್ಟು ನೆನಪಿಟ್ಟುಕೊಳ್ಳುವುದು ಕಾಗೆ ಕುಲದ ಗುಣ. ಇದು ಪೂರ್ತಿ ಯೋಚಿಸಿ ಹೂಡಿದ ಉಪಾಯವೋ, ಎರಡು ಕಾಗೆ ಒಟ್ಟಿಗೆ ತಿರುಗುವಾಗ ತಾನಾಗಿ ಹಾಗೆ ಆಗುವುದೋ ಗೊತ್ತಿಲ್ಲ. ನನ್ನ ಕಣ್ಣಿಗೆ ಕಂಡದ್ದು ಇಷ್ಟು.

ನಾಲ್ಕನೆಯದು ಮಡಿವಾಳ ಹಕ್ಕಿಯ ಗೂಡು. ಹಳೇ ಪಂಪ್ ಮನೆಯ ಗೋಡೆಯಲ್ಲಿ ಕಲ್ಲು ಬಿದ್ದು ಆದ ತೂತಿನೊಳಗೆ ಇತ್ತು. ಕಾಗೆ ಎರಡು ದಿನ ತೂತಿನ ಬಾಯಲ್ಲಿ ಜೋತಾಡಿ ನೋಡಿತು. ತಲೆ ತೂರಲಿಲ್ಲ. ಮರಿಗಳು ದೊಡ್ಡವಾಗಿ ಹೊರಗೂ ಬಂದವು. ಅಬ್ಬಾ ಗೆದ್ದವು ಅಂದುಕೊಂಡೆ. ಮೊದಲ ದಿನ ಸರಿಯಾಗಿ ಹಾರಲು ಬರದೆ ಒಂದು ಮರಿ ನೆಲದ ಮೇಲೆ ಕುಪ್ಪಳಿಸುತ್ತಿತ್ತು. ಮಧ್ಯಾಹ್ನದ ಹೊತ್ತು ಕಾಗೆ ಅದನ್ನು ಕಾಲಿನಲ್ಲಿ ಒತ್ತಿ ಹಿಡಿದು ತಲೆಗೆ ಎರಡು ಸಲ ಕುಕ್ಕಿತು. ಉಳಿದ ಎರಡು ಮರಿಗಳು ಲಂಟಾನದ ಪೊದೆಯೊಳಗೆ ಸೇರಿ ಬದುಕಿದವು. ಈ ಗೂಡನ್ನು ಉಳಿದ ಲೆಕ್ಕಕ್ಕೇ ಬರೆದಿದ್ದೇನೆ.

ಐದನೆಯದು ಪಿಕಳಾರದ ಮೂರನೇ ಪ್ರಯತ್ನ. ಇದು ಮರಗಸಿ ಆದ ಮೇಲಿನದು. ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ರೆಂಬೆ ಕಡಿದು ತೋಟಕ್ಕೆ ಬೆಳಕು ಬಿಡುತ್ತೇವಲ್ಲ, ಆ ಕೆಲಸ ಮುಗಿದ ವಾರವೇ ಈ ಗೂಡು ಹೋಯಿತು. ಯಾರು ಅಂತ ನೋಡಿಲ್ಲ.

ಆರು ಮತ್ತು ಏಳನೆಯದು ಒಂದೇ ಮರದಲ್ಲಿ. ಗದ್ದೆ ಅಂಚಿನ ಅತ್ತಿ ಮರದ ತುದಿಯ ಕವೆಯಲ್ಲಿ ಕಾಜಾಣ ಗೂಡು ಕಟ್ಟಿತ್ತು. ಅದಕ್ಕಿಂತ ಎರಡು ಮಾರು ಕೆಳಗೆ ಇನ್ನೊಂದು ಚೋರೆ ಹಕ್ಕಿಯ ಜೋಡಿ. ಎರಡೂ ಗೂಡಿನ ಮರಿಗಳು ಹಾರಿದವು.

ಕಾಜಾಣದ ಬಗ್ಗೆ ಎರಡು ಮಾತು ಜಾಸ್ತಿ ಹೇಳಲೇಬೇಕು. ತೂಕದಲ್ಲಿ ಕಾಡು ಕಾಗೆಯ ಸುಮಾರು ಹತ್ತರಲ್ಲಿ ಒಂದು ಭಾಗದಷ್ಟೇ ಇರುವ ಹಕ್ಕಿ ಅದು. ಆದರೆ ಗೂಡಿನ ಹತ್ತಿರ ಕಾಗೆ ಬಂತು ಅಂದರೆ ಮೇಲಿನಿಂದ ಕಲ್ಲು ಬಿದ್ದ ಹಾಗೆ ಬೀಳುತ್ತದೆ. ಬೆನ್ನಿಗೆ, ತಲೆಗೆ ಹೊಡೆಯುತ್ತದೆ. ಕಾಗೆ ಗದ್ದೆ ದಾಟಬೇಕಾದರೆ ಅತ್ತಿ ಮರವನ್ನು ಸುತ್ತು ಹಾಕಿ ಹೋಗುತ್ತಿದ್ದುದನ್ನು ನಾನು ದಿನವೂ ನೋಡಿದೆ. ಚೋರೆ ಹಕ್ಕಿ, ಪಿಕಳಾರ, ಹೊನ್ನಕ್ಕಿಯಂಥ ಮೆತ್ತಗಿನ ಹಕ್ಕಿಗಳು ಕಾಜಾಣದ ಗೂಡಿನ ಆಸುಪಾಸು ಗೂಡು ಕಟ್ಟುವುದು ದೇಶದ ಬೇರೆ ಕಡೆಗಳಲ್ಲೂ ಕಂಡ ಸಂಗತಿ. ನಮ್ಮ ಅತ್ತಿ ಮರದ ಚೋರೆ ಒಂದು ಸಲವೂ ಕಾಗೆಯ ಜೊತೆ ಜಗಳ ಆಡಲಿಲ್ಲ. ಆಡಬೇಕಾದ ಅಗತ್ಯವೇ ಬರಲಿಲ್ಲ.

ಒಟ್ಟು ಏಳರಲ್ಲಿ ಮೂರು ಉಳಿದವು, ನಾಲ್ಕು ಹೋದವು. ಹೋದ ನಾಲ್ಕರಲ್ಲಿ ಎರಡಕ್ಕೆ ಮಾತ್ರ ನಾನು ಕಾಗೆಯ ಮೇಲೆ ಬೆರಳು ತೋರಿಸಬಲ್ಲೆ.

ಕಾಗೆಯೇ ಅಂತ ಹೇಗೆ ಹೇಳುವುದು

ಗೂಡು ಖಾಲಿ ಆಯಿತು ಅಂದರೆ ನಮ್ಮಲ್ಲಿ ಎಲ್ಲರೂ ಮೊದಲು ಹೇಳುವುದು ಕಾಗೆ ಅಂತಲೇ. ಅದು ಕಣ್ಣಿಗೆ ಕಾಣುತ್ತದೆ, ಹಗಲು ಓಡಾಡುತ್ತದೆ, ಕಪ್ಪಗಿದೆ. ಆದರೆ ಮಲೆನಾಡಿನ ತೋಟದಲ್ಲಿ ಗೂಡಿಗೆ ಬಾಯಿ ಹಾಕುವವರು ಎಷ್ಟು ಜನ! ಕೇರೆ ಹಾವು ಇದೆ. ಮರ ಹತ್ತುವ ಬೇರೆ ಹಾವುಗಳಿವೆ. ರಾತ್ರಿ ಪುನುಗು ಬೆಕ್ಕು. ಹಗಲು ಮುಂಗುಸಿ, ಮಂಗ, ಅಳಿಲು. ಹಕ್ಕಿಗಳಲ್ಲೇ ಕೆಂಬೂತ ಇದೆ. ಪೊದೆಯೊಳಗೆ ನುಗ್ಗಿ ಗೂಡು ಹುಡುಕುವುದರಲ್ಲಿ ಅದು ಕಾಗೆಗಿಂತ ಚುರುಕು. ಮಟಪಕ್ಷಿ ನೋಡಲು ಎಷ್ಟು ಚೆಂದ, ಅದೂ ಕಾಗೆಯ ನೆಂಟನೇ, ಅದೂ ಮೊಟ್ಟೆ ಕದಿಯುತ್ತದೆ. ನಮ್ಮ ಮನೆ ಬೆಕ್ಕನ್ನು ನಾನು ಬಿಟ್ಟಿಲ್ಲ, ಅದರ ಹೆಸರೂ ನೋಟ್‌ಬುಕ್‌ನಲ್ಲಿದೆ.

ಗೂಡಿನ ಸ್ಥಿತಿ ನೋಡಿ ಸ್ವಲ್ಪ ಊಹಿಸಬಹುದು. ಹಾವು ನುಂಗಿದರೆ ಗೂಡು ಸಾಮಾನ್ಯವಾಗಿ ಹಾಗೇ ಇರುತ್ತದೆ. ಮಂಗ, ಬೆಕ್ಕು ಬಂದರೆ ಗೂಡು ಕಿತ್ತು ಓರೆಯಾಗಿರುತ್ತದೆ. ದೊಡ್ಡ ಹಕ್ಕಿ ಕೊಕ್ಕು ಹಾಕಿದರೆ ಒಳಗಿನ ನಾರು ಮೇಲೆದ್ದಿರುತ್ತದೆ. ಆದರೆ ಇಷ್ಟರಿಂದಲೇ ತೀರ್ಪು ಕೊಡಬಾರದು. ಮೂರನೇ ಗೂಡಿನಲ್ಲಿ ಕಾಗೆ ಮೊಟ್ಟೆ ಎತ್ತಿದ್ದನ್ನು ಕಣ್ಣಾರೆ ಕಂಡೆ. ಆಮೇಲೆ ಹೋಗಿ ನೋಡಿದರೆ ಗೂಡು ಕದಲಿರಲೇ ಇಲ್ಲ. ನಾನು ಕಾಣದೇ ಇದ್ದಿದ್ದರೆ ಹಾವು ಅಂತ ಬರೆದುಬಿಡುತ್ತಿದ್ದೆ.

ಕಾಗೆಗೆ ಗೂಡು ಹೇಗೆ ಸಿಗುತ್ತದೆ

ಇದಕ್ಕೆ ಉತ್ತರ ಕೊಟ್ಟವರು ನಮ್ಮಲ್ಲಿ ಬಹಳ ವರ್ಷದಿಂದ ಮೆಣಸು ಕೊಯ್ಯುವ ಒಬ್ಬ ಹಿರಿಯರು. ಏಣಿ ಮೇಲೆ ಬದುಕು ಕಳೆದವರು. ತೋಟದ ಎಲ್ಲ ಗೂಡುಗಳೂ ಅವರಿಗೆ ಗೊತ್ತು. ನಾನು ಮೂರನೇ ಗೂಡಿನ ಕಥೆ ಹೇಳಿ ಬೇಜಾರು ಮಾಡಿಕೊಂಡಾಗ ಅವರು ಒಂದೇ ಮಾತು ಕೇಳಿದರು: "ಅಕ್ಕ, ನೀವು ದಿನಾ ಹೋಗಿ ಬಗ್ಗಿ ನೋಡ್ತಿದ್ರಲ್ಲ, ಅದೂ ಮೇಲಿಂದ ನೋಡ್ತಾ ಇರ್ತದೆ."

ಆ ರಾತ್ರಿ ನೋಟ್‌ಬುಕ್ ತೆಗೆದು ನೋಡಿದೆ. ಮೊದಲ ಗೂಡಿಗೆ ನಾನು ಹನ್ನೆರಡು ಸಲ ಹೋಗಿದ್ದೆ. ಫೋಟೋ ತೆಗೆಯಲು ಎಲೆ ಪಕ್ಕಕ್ಕೆ ಸರಿಸಿದ್ದೆ. ಎರಡು ಎಲೆ ಕಿತ್ತೂ ಹಾಕಿದ್ದೆ. ಮೂರನೆಯದಕ್ಕೆ ಒಂಬತ್ತು ಸಲ. ನಾನು ಒಂದು ಸಲವೂ ಹೋಗದೆ, ದೂರದಿಂದಲೇ ನೋಡಿದ್ದು ಅತ್ತಿ ಮರದ ಎರಡು ಗೂಡುಗಳನ್ನು ಮಾತ್ರ. ಮಡಿವಾಳ ಹಕ್ಕಿಯ ತೂತಿನೊಳಗೆ ಇಣುಕಲು ಹೋದರೂ ಏನೂ ಕಾಣುತ್ತಿರಲಿಲ್ಲ, ಹಾಗಾಗಿ ಬಿಟ್ಟಿದ್ದೆ. ಮರಿ ಹಾರಿದ ಮೂರು ಗೂಡೂ ನಾನು ಕೈ ಇಡದೇ ಇದ್ದವು. ಏಳೇ ಗೂಡಿನ ಲೆಕ್ಕ ಇದು, ಇದರಿಂದ ಏನನ್ನೂ ಸಾಬೀತು ಮಾಡಲು ಆಗುವುದಿಲ್ಲ ಅಂತ ಗೊತ್ತು. ಆದರೂ ಆ ಪುಟ ನೋಡಿ ನನಗೆ ನಿದ್ದೆ ಬರಲಿಲ್ಲ.

ಕಾಗೆಯ ಕಣ್ಣು ಮತ್ತು ನೆನಪು ಎಂಥದ್ದು ಅಂತ ತಿಳಿದವರಿಗೆ ಇದು ಆಶ್ಚರ್ಯ ಅಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ 2006ರಲ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಮುಖವಾಡ ಹಾಕಿಕೊಂಡು ಕಾಗೆಗಳನ್ನು ಹಿಡಿದು, ಕಾಲಿಗೆ ಬಳೆ ಹಾಕಿ ಬಿಟ್ಟರು. ವರ್ಷಗಳು ಕಳೆದರೂ ಅದೇ ಮುಖವಾಡ ಕಂಡರೆ ಅಲ್ಲಿನ ಕಾಗೆಗಳು ಬೈದು ಗಲಾಟೆ ಮಾಡುತ್ತಿದ್ದವು. ಬೇರೆ ಮುಖವಾಡಕ್ಕೆ ಅಷ್ಟು ಗಲಾಟೆ ಇಲ್ಲ. ನಮ್ಮ ಮುಖವನ್ನು ಇಷ್ಟು ನೆನಪಿಡುವ ಹಕ್ಕಿ, ನಾವು ದಿನಾ ಯಾವ ಗಿಡಕ್ಕೆ ಬಗ್ಗುತ್ತೇವೆ ಅಂತ ನೋಡಿರುವುದಿಲ್ವಾ?

ನಮ್ಮನ್ನು ಬಿಟ್ಟರೂ ಅದಕ್ಕೆ ಬೇರೆ ದಾರಿಗಳಿವೆ. ತಾಯಿ ಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದು ಎಲ್ಲಿ ಇಳಿಯುತ್ತದೆ ಅಂತ ಕೂತು ನೋಡುತ್ತದೆ. ಮರಿಗಳ ಚಿಲಿಪಿಲಿ ಕೇಳುತ್ತದೆ. ಒಂದು ಕಡೆ ಗೂಡು ಸಿಕ್ಕರೆ ಅದೇ ಸುತ್ತಮುತ್ತ ಮತ್ತೆ ಹುಡುಕುತ್ತದೆ. ಮರಗಸಿ ಆದ ಮೇಲೆ ಮೇಲಿನಿಂದ ಕಾಫಿ ಗಿಡದ ನೆತ್ತಿ ಪೂರ್ತಿ ಬಯಲಾಗುತ್ತದೆ. ಅಷ್ಟು ದಿನ ಎಲೆ ಮರೆಯಲ್ಲಿದ್ದ ಗೂಡು ಒಂದೇ ದಿನದಲ್ಲಿ ಬಿಸಿಲಿಗೆ ಬೀಳುತ್ತದೆ.

ಕೋವಿಯ ಮಾತು

ಕೋಳಿ ಮರಿ ಹೋದಾಗ ಅಪ್ಪನಿಗೆ ಸಿಟ್ಟು ಬಂತು. ಹೇಂಟೆಯ ಜೊತೆ ಒಂಬತ್ತು ಮರಿ ಇದ್ದವು, ವಾರದಲ್ಲಿ ನಾಲ್ಕಕ್ಕೆ ಇಳಿದವು. ಅವರ ಸ್ನೇಹಿತರೊಬ್ಬರು ಏರ್‌ಗನ್ ತಂದುಕೊಡುತ್ತೇನೆ ಎಂದರು. ಒಂದು ಕಾಗೆ ಹೊಡೆದು ಕಣದಲ್ಲಿ ನೇತು ಹಾಕಿ, ಉಳಿದವು ಬರಲ್ಲ ಅನ್ನುವುದು ಹಳೇ ಉಪಾಯ.

ನಾನು ಬೇಡ ಅಂದೆ. ಕಾನೂನಿನ ಮಾತು ಒಂದು. 1972ರ ವನ್ಯಜೀವಿ ಕಾಯ್ದೆಯಲ್ಲಿ ಊರ ಕಾಗೆ ಉಪದ್ರವಿ ಪ್ರಾಣಿಗಳ ಐದನೇ ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು, ಅದು ಜಾರಿಗೆ ಬಂದದ್ದು 2023ರ ಏಪ್ರಿಲ್ 1ರಂದು. ಮೊದಲಿನ ಹಾಗೆ ಕಾಗೆ ತಾನೇ ಅಂತ ಹೊಡೆಯುವ ಕಾಲ ಮುಗಿಯಿತು. ಆದರೆ ಅಪ್ಪನಿಗೆ ನಾಟಿದ್ದು ಇನ್ನೊಂದು ಮಾತು. ಈ ಜೋಡಿ ಈ ಜಾಗಕ್ಕೆ ಬೇರೆ ಕಾಗೆ ಬಿಡುತ್ತಿಲ್ಲ. ಇದನ್ನು ಹೊಡೆದರೆ ಜಾಗ ಖಾಲಿ ಆಗುತ್ತದೆ. ರಸ್ತೆ ಬದಿಯಲ್ಲಿ ಕಾದು ಕೂತ ಹತ್ತು ಕಾಗೆ ಒಳಗೆ ಬರುತ್ತವೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಪಿಕಳಾರ ಇಲ್ಲಿ ಮುಗಿದೇ ಹೋಗುತ್ತಾ ಅಂತ ಕೇಳಿದರು.

ಇಲ್ಲ. ಹಾಗೆ ಆಗುವುದು ಕಡಿಮೆ. ಕಾಗೆ ಕುಲದ ಹಕ್ಕಿಗಳಿಂದ ಬೇರೆ ಹಕ್ಕಿಗಳಿಗೆ ಎಷ್ಟು ನಷ್ಟ ಎಂದು ನಾನಾ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟು ಮಾಡಿ 2015ರಲ್ಲಿ ಒಂದು ಪರಿಶೀಲನೆ ಪ್ರಕಟವಾಯಿತು. ಅದರಲ್ಲಿ ನೋಡಿದ 326 ಸಂದರ್ಭಗಳಲ್ಲಿ 81 ಶೇಕಡಾದಲ್ಲಿ ಕೆಟ್ಟ ಪರಿಣಾಮ ಕಂಡಿರಲಿಲ್ಲ. ಪರಿಣಾಮ ಇದ್ದ ಕಡೆಯೂ ಅದು ಆ ವರ್ಷ ಹುಟ್ಟಿದ ಮರಿಗಳ ಸಂಖ್ಯೆಯಲ್ಲಿ ಕಂಡಷ್ಟು, ಹಕ್ಕಿಗಳ ಒಟ್ಟು ಸಂಖ್ಯೆಯಲ್ಲಿ ಕಾಣಲಿಲ್ಲ. ಪಿಕಳಾರ ಎರಡು ಮೂರು ಮೊಟ್ಟೆ ಇಟ್ಟು, ಹೋದರೆ ಮತ್ತೆ ಇಟ್ಟು, ಮತ್ತೆ ಹೋದರೆ ಮತ್ತೆ ಇಡುತ್ತದೆ. ಹನ್ನೆರಡು ಹದಿಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ, ಇನ್ನೊಂದು ಹನ್ನೆರಡು ದಿನಕ್ಕೆ ಮರಿ ಗೂಡು ಬಿಡುತ್ತದೆ. ನಮ್ಮಂಥ ಬಿಸಿ ನಾಡುಗಳಲ್ಲಿ ಬಟ್ಟಲಿನಂಥ ಗೂಡುಗಳು ಅರ್ಧಕ್ಕಿಂತ ಜಾಸ್ತಿ ಹಾಳಾಗುವುದು ಸಾಮಾನ್ಯ. ಆ ಹಕ್ಕಿ ಅದಕ್ಕೆ ತಕ್ಕ ಹಾಗೇ ಬದುಕು ಕಟ್ಟಿಕೊಂಡಿದೆ.

ನನಗೆ ಭಯ ಇರುವುದು ಬೇರೆ ಕಡೆ. ಕಾಗೆಗಳ ಸಂಖ್ಯೆ ಕಾಡಿನ ಅಳತೆ ಮೀರಿ ಬೆಳೆದರೆ, ಮತ್ತು ಎದುರಿಗೆ ಇರುವ ಹಕ್ಕಿ ಪಿಕಳಾರದಷ್ಟು ಗಟ್ಟಿ ಅಲ್ಲದಿದ್ದರೆ, ಆಗ ಲೆಕ್ಕ ಬದಲಾಗುತ್ತದೆ. ರೇವನ್ ಕಥೆ ಬರುವುದು ಇಲ್ಲೇ.

ಅಮೆರಿಕದ ಪಶ್ಚಿಮದ ಒಣ ಬಯಲುಗಳಲ್ಲಿ ಸೇಜ್ ಗ್ರೌಸ್ ಎಂಬ ಹಕ್ಕಿ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಆ ಬಯಲಿನಲ್ಲಿ ಮೊದಲು ರೇವನ್ ಕೂರಲು ಎತ್ತರದ ಜಾಗ ಕಡಿಮೆ ಇತ್ತು, ಬೇಸಿಗೆಯಲ್ಲಿ ತಿನ್ನಲೂ ಕಡಿಮೆ ಇತ್ತು. ಜನ ಬಂದರು. ಕರೆಂಟ್ ಕಂಬ ಬಂತು, ಕಸದ ಗುಡ್ಡೆ ಬಂತು, ರಸ್ತೆಯಲ್ಲಿ ಗಾಡಿಗೆ ಸಿಕ್ಕು ಸತ್ತ ಪ್ರಾಣಿಗಳು ಬಂದವು. ರೇವನ್‌ಗಳು ಹಲವು ಪಟ್ಟು ಬೆಳೆದವು. ಕಂಬದ ಮೇಲೆ ಕೂತು ನೆಲದ ಗೂಡು ಹುಡುಕಿ ಮೊಟ್ಟೆ ತಿನ್ನುತ್ತವೆ. ಕ್ಯಾಲಿಫೋರ್ನಿಯಾದ ಹಳೇ ರೆಡ್‌ವುಡ್ ಕಾಡಿನಲ್ಲಿ ಮಾರ್ಬಲ್ಡ್ ಮರ್ರೆಲೆಟ್ ಎಂಬ ಕಡಲ ಹಕ್ಕಿ ಮರದ ದಪ್ಪ ರೆಂಬೆ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಅಲ್ಲಿ ಟೆಂಟ್ ಹಾಕುವವರು ಚೆಲ್ಲಿದ ತಿಂಡಿ ಚೂರಿಗೆ ರೇವನ್ ಮತ್ತು ಕಾಗೆ ಕುಲದ್ದೇ ಆದ ಜೇ ಹಕ್ಕಿಗಳು ಬಂದು ಸೇರಿ, ಹಾಗೇ ಆ ಮೊಟ್ಟೆಗಳನ್ನೂ ತಿನ್ನತೊಡಗಿದವು. ಅಲ್ಲಿನ ಉದ್ಯಾನದವರು ಪ್ರವಾಸಿಗರಿಗೆ ಹೇಳಿಕೊಡುವುದು ಇಷ್ಟೇ: ಒಂದು ಚೂರು ತಿಂಡಿಯೂ ನೆಲಕ್ಕೆ ಬೀಳದಿರಲಿ.

ನಮ್ಮ ಊರ ಕಾಗೆಯ ಕಥೆಯೂ ಇಂಥದ್ದೇ. 1890ರ ದಶಕದಲ್ಲಿ ಕಸ ತಿನ್ನಲಿ ಅಂತ ಇದನ್ನು ಭಾರತದಿಂದ ಝಾಂಜಿಬಾರ್ ದ್ವೀಪಕ್ಕೆ ಒಯ್ದರು. ಅಲ್ಲಿಂದ ಆಫ್ರಿಕಾದ ಪೂರ್ವ ಕರಾವಳಿ ಪೂರ್ತಿ ಹಬ್ಬಿ, ಅಲ್ಲಿನ ಸಣ್ಣ ಹಕ್ಕಿಗಳ ಗೂಡುಗಳನ್ನು ಬರಿದು ಮಾಡಿತು. 2024ರಲ್ಲಿ ಕೀನ್ಯಾ ಲಕ್ಷಗಟ್ಟಲೆ ಕಾಗೆಗಳನ್ನು ಕೊಲ್ಲುವ ಯೋಜನೆ ಪ್ರಕಟಿಸಬೇಕಾಯಿತು.

ನಮ್ಮ ಜಿಲ್ಲೆಯಲ್ಲೂ ಮೆತ್ತಗಿನ ಜಾಗಗಳಿವೆ. ಭದ್ರಾ ಹಿನ್ನೀರು ಇಳಿದು ನಡುಗಡ್ಡೆ ಎದ್ದಾಗ ಹೊಳೆ ರೀವ (ರಿವರ್ ಟರ್ನ್) ಹಕ್ಕಿಗಳು ಅಲ್ಲಿ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಗುಂಪಾಗಿ ಮೇಲೆ ಬಿದ್ದು ಓಡಿಸುವುದೊಂದೇ ಅವಕ್ಕೆ ಕಾವಲು. ಜಗತ್ತಿನಲ್ಲೇ ಕಡಿಮೆ ಆಗುತ್ತಿರುವ ಹಕ್ಕಿ ಅದು. ಅಂಥ ಕಡೆ ಜನ ಊಟ ಮಾಡಿ ಎಂಜಲು ಬಿಟ್ಟು ಬಂದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ?

ಈ ವರ್ಷ ಏನು ಬದಲಾಯಿಸಿದೆವು

ಮೊದಲು ನಮ್ಮ ಮನೆ ಹಿಂದಿನ ಗುಂಡಿ ನೋಡಿದೆ. ಮೀನು ಕ್ಲೀನ್ ಮಾಡಿದ ನೀರು, ಕೋಳಿ ಕರುಳು, ಮಿಕ್ಕ ಅನ್ನ, ತೋಟದ ಕೆಲಸದವರ ಲೈನು ಮನೆಗಳ ಎಂಜಲು ಎಲ್ಲ ಬಾಯಿ ತೆರೆದ ಗುಂಡಿಗೇ ಬೀಳುತ್ತಿತ್ತು. ಅದರಿಂದ ಇಪ್ಪತ್ತು ಹೆಜ್ಜೆಗೆ ದಾಸವಾಳ. ವರ್ಷ ಪೂರ್ತಿ ಊಟ ಹಾಕಿ ಕಾಗೆಯನ್ನು ಅಲ್ಲಿ ಕೂರಿಸಿದವರು ನಾವೇ. ಗುಂಡಿಗೆ ಹಳೇ ತಗಡಿನ ಮುಚ್ಚಳ ಮಾಡಿಸಿದೆವು. ಮಾಂಸದ ಎಂಜಲನ್ನು ಒಂದೂವರೆ ಅಡಿ ಆಳಕ್ಕೆ ಹೂಳುವುದು ಅಂತ ಲೈನಿನವರ ಜೊತೆ ಕೂತು ಮಾತಾಡಿ ಒಪ್ಪಿಕೊಂಡೆವು. ಅವರು ನಮಗಿಂತ ಚೆನ್ನಾಗಿ ನಡೆಸುತ್ತಿದ್ದಾರೆ.

ಕಷ್ಟ ಆಗಿದ್ದು ಅಮ್ಮನ ಅನ್ನದ ವಿಷಯ. ಅಜ್ಜ ತೀರಿಕೊಂಡಾಗಿನಿಂದ ಅಮ್ಮ ಊಟಕ್ಕೆ ಮುಂಚೆ ಕಾಗೆಗೆ ಅನ್ನ ಇಡುತ್ತಾರೆ. ಅದನ್ನು ನಿಲ್ಲಿಸಿ ಅಂತ ಹೇಳುವ ಮನಸ್ಸು ನನಗಿಲ್ಲ, ಹೇಳಲೂ ಇಲ್ಲ. ಮೊದಲು ಒಂದು ಬಟ್ಟಲು ತುಂಬ ಇಡುತ್ತಿದ್ದರು, ಈಗ ಒಂದು ಹಿಡಿ. ಹಿಂಬಾಗಿಲ ಕಟ್ಟೆಯ ಬದಲು ಗದ್ದೆ ದಾರಿಯ ಕಲ್ಲಿನ ಮೇಲೆ. ಕಾಗೆ ಒಂದೇ ದಿನದಲ್ಲಿ ಹೊಸ ಜಾಗ ಕಲಿಯಿತು. ಅಮ್ಮನಿಗೂ ಸಮಾಧಾನ.

ಮನೆ ಸುತ್ತಲಿನ ಮರಗಸಿಯನ್ನು ಮೇ ಕೊನೆಯ ತನಕ ಮುಂದೂಡಿದೆವು. ತೋಟದ ಉಳಿದ ಭಾಗಕ್ಕೆ ಯಾವಾಗಲೂ ಮಾಡುವ ಹೊತ್ತಿಗೇ ಮಾಡಿದೆವು. ಬೆಳಕು, ಮಳೆ, ಕಾಯಿ ಕೊಳೆ ಎಲ್ಲ ನೋಡಬೇಕಲ್ವಾ, ಹಕ್ಕಿಗಾಗಿ ಇಡೀ ತೋಟದ ಕೆಲಸ ನಿಲ್ಲಿಸಲು ಆಗುವುದಿಲ್ಲ. ಬೇಲಿ ಸವರುವುದನ್ನು ಜೂನ್ ತನಕ ಬಿಟ್ಟೆವು. ಹೇಂಟೆ ಮತ್ತು ಮರಿಗಳನ್ನು ಮೊದಲ ಮೂರು ವಾರ ಬಲೆ ಹಾಕಿದ ಗೂಡಿನಲ್ಲಿ ಇಟ್ಟೆವು.

ನಾನು ಗೂಡಿನ ಹತ್ತಿರ ಹೋಗುವುದನ್ನು ಬಿಟ್ಟೆ. ಕಿಟಕಿಯಿಂದ ಬೈನಾಕ್ಯುಲರ್ ಹಾಕಿ ನೋಡುತ್ತೇನೆ. ಮೊಟ್ಟೆ ಎಷ್ಟು ಅಂತ ಈಗ ಗೊತ್ತಾಗುವುದಿಲ್ಲ. ತಾಯಿ ಹುಳ ತರಲು ಶುರು ಮಾಡಿದರೆ ಮರಿ ಆಗಿದೆ ಅಂತ ತಿಳಿದುಕೊಳ್ಳುತ್ತೇನೆ.

ಈ ವರ್ಷ ಅದೇ ಒಂದೂವರೆ ಎಕರೆಯಲ್ಲಿ ನನಗೆ ಗೊತ್ತಾದ ಗೂಡುಗಳು ಐದು, ಮರಿ ಹಾರಿದ್ದು ಮೂರರಲ್ಲಿ. ಪಿಕಳಾರಗಳು ಲಂಟಾನದ ಒಳಗೆ ಕಟ್ಟಿದ ಗೂಡು ಗೆದ್ದಿತು. ಕಣದ ಪಕ್ಕದ ಗೂಡು ಈ ಸಲವೂ ಹೋಯಿತು. ಇನ್ನೊಂದನ್ನು ಕೇರೆ ಹಾವು ನುಂಗಿದ್ದನ್ನು ಅಪ್ಪ ಕಂಡರು. ಇಷ್ಟಕ್ಕೆ ನಾವು ಮಾಡಿದ ಬದಲಾವಣೆಯೇ ಕಾರಣ ಅಂತ ನಾನು ಹೇಳಲಾರೆ. ಯಾಕೆಂದರೆ ಕಾಗೆ ಗೂಡಿದ್ದ ಸಿಲ್ವರ್ ಓಕ್ ಹೋದ ಜುಲೈ ಗಾಳಿಗೆ ಬಿದ್ದುಹೋಯಿತು. ಜೋಡಿ ಈ ಸಲ ತೊರೆಯ ಆಚೆ ಹಲಸಿನ ಮರಕ್ಕೆ ಹೋಗಿದೆ. ಮನೆಯಿಂದ ದೂರ. ಅದೂ ಒಂದು ಕಾರಣ ಇರಬಹುದು, ಅದೇ ದೊಡ್ಡ ಕಾರಣವೂ ಇರಬಹುದು.

ಆ ಹಲಸಿನ ಮರದ ಗೂಡಿನ ವಿಷಯ ಒಂದು ಬಾಕಿ ಇದೆ. ಏಪ್ರಿಲ್‌ನಲ್ಲಿ ಗಂಡು ಕೋಗಿಲೆ ಆ ಮರದಲ್ಲೇ ಕೂತು ಕೂಗುತ್ತಿತ್ತು. ಕಾಗೆಗಳು ಎರಡೂ ಅದನ್ನು ಅಟ್ಟಿಸಿಕೊಂಡು ಹೋಗುತ್ತಿದ್ದವು. ಚುಕ್ಕೆ ಮೈಯ ಹೆಣ್ಣು ಕೋಗಿಲೆ ಯಾವಾಗ ಬಂತೋ ನಾನು ಕಾಣಲಿಲ್ಲ. ಮೇ ಕೊನೆಗೆ ಕಾಗೆ ತುತ್ತು ತಿನ್ನಿಸುತ್ತಿದ್ದ ಮರಿಗಳಲ್ಲಿ ಒಂದು ಕೋಗಿಲೆ ಮರಿ. ಅದಕ್ಕೂ ಒಂದು ದಿನವೂ ತಪ್ಪದೆ ತಂದು ಕೊಟ್ಟವು. ಹೋದ ವರ್ಷ ದಾಸವಾಳದ ಗಿಡದಿಂದ ಮೂರು ಮರಿ ಒಯ್ದ ಜೋಡಿಯೇ ಇದು. ನೋಡುತ್ತಾ ನಿಂತಾಗ ನನಗೆ ಅದರ ಮೇಲೆ ಸಿಟ್ಟು ಬರಲಿಲ್ಲ.

ಈಗ ಮಿಕ್ಕಿರುವುದು ರಸ್ತೆ ಬದಿಯ ಹಳ್ಳ. ನಮ್ಮ ಗೇಟಿನಿಂದ ಅರ್ಧ ಕಿಲೋಮೀಟರ್ ಕೆಳಗೆ ತಿರುವಿನಲ್ಲಿ ಯಾರೋ ರಾತ್ರಿ ಹೊತ್ತು ಕೋಳಿ ತ್ಯಾಜ್ಯದ ಚೀಲ ಎಸೆದು ಹೋಗುತ್ತಾರೆ. ಪ್ರವಾಸಿಗರ ಊಟದ ಪೊಟ್ಟಣಗಳೂ ಅಲ್ಲೇ ಬೀಳುತ್ತವೆ. ಹೋದ ಭಾನುವಾರ ಬೆಳಿಗ್ಗೆ ಎಣಿಸಿದೆ. ನಲವತ್ತಮೂರು ಕಾಗೆ ಇದ್ದವು. ಅದರಲ್ಲಿ ಒಂಬತ್ತು ಕಾಡು ಕಾಗೆ. ಅಕ್ಕಪಕ್ಕದ ಐದು ತೋಟದವರು ಸಹಿ ಹಾಕಿ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ. ಮಳೆ ಬಿಟ್ಟ ಮೇಲೆ ಟ್ರ್ಯಾಕ್ಟರ್ ಕಳಿಸಿ ತೆಗೆಸುತ್ತೇವೆ, ತಿರುವಿಗೆ ತಂತಿ ಬೇಲಿ ಹಾಕಿಸುತ್ತೇವೆ ಅಂದಿದ್ದಾರೆ. ಮುಂದಿನ ಫೆಬ್ರವರಿಯಲ್ಲಿ ಪಿಕಳಾರ ಕಡ್ಡಿ ಹೊರಲು ಶುರು ಮಾಡುವ ಮುಂಚೆ ಆ ಕೆಲಸ ಆಗಬೇಕು. ಅದಕ್ಕೆ ತಿಂಗಳಿಗೆ ಎರಡು ಸಲ ಹೋಗಿ ಕೇಳಿ ಬರುತ್ತಿದ್ದೇನೆ.